ಇಪ್ಪತ್ತು ಕೀಗಳ ಎಡಗೈ

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಟೈಪಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಆಕೆಯದು ಒಂದೇ ಕೆಲಸ. ಶವಾಗಾರಕ್ಕೆ ಅಂಟಿಕೊಂಡ ಕೋಣೆಯಲ್ಲಿ ಕುಳಿತು, ಡಾಕ್ಟರು ಹೆಣ ಕೊಯ್ಯುತ್ತ ರೆಕಾರ್ಡರಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ಮರಣೋತ್ತರ ವರದಿ ಟೈಪು ಮಾಡುವುದು. ಎಡಪಕ್ಕೆಯಲ್ಲಿ ಮೂರು ಇಂಚಿನ ಗಾಯ, ಶ್ವಾಸಕೋಶದಲ್ಲಿ ನೀರು, ಹೊಟ್ಟೆಯಲ್ಲಿ ಅರ್ಧ ಜೀರ್ಣವಾದ ಆಹಾರ. ಡಾಕ್ಟರು ವಾಕ್ಯ ಮುಗಿಸುವ ಮೊದಲೇ ಆಕೆಯ ಬೆರಳು ಪೂರ್ಣವಿರಾಮಕ್ಕೆ ಬಂದಿರುತ್ತಿತ್ತು. ಅಷ್ಟು ವರ್ಷದಲ್ಲಿ ಕೀಬೋರ್ಡನ್ನು ನೋಡಿ ಟೈಪು ಮಾಡಿದವಳಲ್ಲ. ಹೊಸದಾಗಿ ಬಂದ ಗುಮಾಸ್ತರು ಬೆರಗಾದರೆ, 'ಇದನ್ನೆಲ್ಲ ನಾನು ಎಡಗೈಯಲ್ಲಿ ಮಾಡ್ತೀನಿ' ಎಂದು ನಗಾಡುವುದಿತ್ತು.

ಐವತ್ತೊಂದನೆಯ ವಯಸ್ಸಿನಲ್ಲಿ, ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಬ್ರಶ್ಶು ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಮತ್ತೆ ಏಳಲಿಲ್ಲ. ಜೊತೆಯಲ್ಲಿದ್ದ ತಂಗಿ, ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುವವಳು, ಬಾಗಿಲು ದೂಡಿ ನೋಡಿದಾಗ ಅಕ್ಕನ ಬಾಯಿ ಒಂದು ಕಡೆಗೆ ಜೋತಿತ್ತು. ಮೂರು ತಿಂಗಳಲ್ಲಿ ಬಾಯಿ ನೆಟ್ಟಗಾಯಿತು, ಕಾಲು ಎಳೆದುಕೊಂಡಾದರೂ ನಡೆಯತೊಡಗಿತು. ಬಲಗೈ ಮಾತ್ರ ಪೂರ್ತಿ ಕೈ ಕೊಟ್ಟಿತು. ಮಡಿಲಲ್ಲಿಟ್ಟರೆ ಮಡಿಲಲ್ಲಿ, ಮೇಜಿನ ಮೇಲಿಟ್ಟರೆ ಮೇಜಿನ ಮೇಲೆ, ಇಟ್ಟಲ್ಲೇ ಇರುತ್ತಿತ್ತು.

ಆಕೆ ಕೆಲಸಕ್ಕೆ ಹಿಂತಿರುಗಿದಳು. ಮೇಜಿನ ಮೇಲೆ ಅದೇ ಹಳೆಯ ಕೀಬೋರ್ಡು. ಆದರೆ ಎರಡು ಕೈಗೆಂದು ಮಾಡಿದ ಆ ಹಲಗೆಯ ಮೇಲೆ ಒಂದು ಕೈ ಈ ತುದಿಯಿಂದ ಆ ತುದಿಗೆ ಕುಪ್ಪಳಿಸಬೇಕಾಗಿತ್ತು. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ವರದಿಗೆ ಮೂರು ಗಂಟೆ ಹಿಡಿಯತೊಡಗಿತು. ಬೇರೆ ಟೈಪಿಸ್ಟರನ್ನು ಕೊಡಿ ಎಂದು ಡಾಕ್ಟರು ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ಆಸ್ಪತ್ರೆಯ ನಿಯಮದ ಪ್ರಕಾರ ವರದಿಗೆ ಸಹಿ ಬೀಳದೆ ದೇಹವನ್ನು ಮನೆಯವರಿಗೆ ಒಪ್ಪಿಸುವಂತಿರಲಿಲ್ಲ. ಮನೆಯವರು ಕಾಯುವ ಬೆಂಚು ಆಕೆಯ ಕೋಣೆಯ ಕಿಟಕಿಯ ಹೊರಗೇ ಇತ್ತು.

ಒಂದು ದಿನ ಬೆಳಗ್ಗೆ ಒಂಬತ್ತಕ್ಕೆ ಒಬ್ಬ ಮುದುಕಿ ಆ ಬೆಂಚಿನ ಮೇಲೆ ಬಂದು ಕುಳಿತಳು. ಏಣಿಯಿಂದ ಬಿದ್ದು ಸತ್ತ ಗಂಡನನ್ನು ಒಯ್ಯಲು ಬಂದವಳು. ಅವಳಿಗಿಂತ ಮುಂಚಿನ ವರದಿಗಳು ಎರಡಿದ್ದವು. ಮೂರನೆಯದು ಮುಗಿಯುವ ಹೊತ್ತಿಗೆ ಸಹಿ ಹಾಕುವ ಅಧಿಕಾರಿ ಮನೆಗೆ ಹೋಗಿಯಾಗಿತ್ತು. ನಾಳೆ ಬನ್ನಿ ಎಂದು ಹೇಳಲು ಟೈಪಮ್ಮ ತಾನೇ ಹೊರಗೆ ಬಂದಳು. ಮುದುಕಿ ಕೂಗಾಡಲಿಲ್ಲ. ಜೋತಿದ್ದ ಆ ಕೈಯನ್ನು ಒಮ್ಮೆ ನೋಡಿ, "ಇವತ್ತೂ ಅವ್ರನ್ನ ಇಲ್ಲೇ ಬಿಟ್ಟು ಹೋಗ್ಬೇಕಾ?" ಎಂದಳು, ಅಷ್ಟೆ.

ಮನೆಗೆ ಬಂದು ಆಕೆ ಊಟ ಮುಟ್ಟಲಿಲ್ಲ. ಕೆಲಸ ಬಿಟ್ಟುಬಿಡು ಎಂದಳು ತಂಗಿ. ಬಿಟ್ಟರೆ ಆ ಕುರ್ಚಿಗೆ ಬೇರೆ ಯಾರೂ ಬರುವುದಿಲ್ಲ, ಬೆಂಚು ಮಾತ್ರ ಹಾಗೇ ಇರುತ್ತದೆ ಎಂದಳು ಅಕ್ಕ.

ಆ ವಾರವೇ ಕಂಪ್ಯೂಟರು ರಿಪೇರಿಯ ಅಂಗಡಿಗೆ ಹೋಗಿ, ಒಂದೇ ಕೈಗೆ ಆಗುವಂಥ ಚಿಕ್ಕ ಕೀಬೋರ್ಡು ಇದೆಯೇ ಎಂದು ಕೇಳಿದಳು. ಅಂಗಡಿಯಾತ ತಲೆ ನರೆತ ಮನುಷ್ಯ, ಮಾತು ಕಡಿಮೆ. ಎರಡು ಮೂರು ಕೀಬೋರ್ಡು ತೋರಿಸಿದ. ಚಿಕ್ಕವಾದರೂ ಎಲ್ಲವೂ ಎರಡು ಕೈಯವೇ. ಆಮೇಲೆ ಗಾಜಿನ ಕಪಾಟಿನಿಂದ ಕರಿಯ ಆಮೆಯಂಥ ಒಂದು ವಸ್ತುವನ್ನು ತೆಗೆದಿಟ್ಟ. ಅಂಗೈ ಊರಲು ದಿಂಬು, ಬೆರಳುಗಳ ಕೆಳಗೆ ಇಪ್ಪತ್ತು ಕೀ, ಹೆಬ್ಬೆರಳಿಗೊಂದು ಪುಟ್ಟ ಕಡ್ಡಿ ಮತ್ತು ಅಗಲವಾದ ಗುಂಡಿ.

"ಇದು ಗೇಮ್ ಆಡೋರದ್ದಮ್ಮ. ಬಲಗೈಲಿ ಮೌಸು, ಎಡಗೈಲಿ ಇದು," ಎಂದ. "ಆದ್ರೆ ಯಾವ ಕೀಗೆ ಯಾವ ಅಕ್ಷರ ಬೇಕೋ ಕೊಟ್ಟುಕೊಳ್ಳಬಹುದು. ಹೆಬ್ಬೆರಳ ಗುಂಡಿ ಒತ್ತಿ ಹಿಡಿದ್ರೆ ಅದೇ ಕೀ ಇನ್ನೊಂದು ಅಕ್ಷರ ಕೊಡುತ್ತೆ. ಇಪ್ಪತ್ತು ಕೀ ನಲವತ್ತಾಗುತ್ತೆ."

ಆಕೆ ಎಡಗೈಯನ್ನು ಅದರ ಮೇಲಿಟ್ಟು ನೋಡಿದಳು. ಕೈ ಎಲ್ಲಿಗೂ ಓಡಬೇಕಾಗಿರಲಿಲ್ಲ. ಪ್ರತಿ ಬೆರಳೂ ತನ್ನ ಮನೆಯಲ್ಲೇ ಇತ್ತು. ಮತ್ತೆ ಕೀಬೋರ್ಡುಗಳ ಕಡೆ ಕಣ್ಣು ಹಾಯಿಸದೆ, ಇದನ್ನೇ ಕಟ್ಟಿಕೊಡಿ ಎಂದಳು. ಆದರೆ ಅಂಗಡಿಯಾತ ಕಟ್ಟಿಕೊಡುವ ಮೊದಲು ಒಂದು ಮಾತು ಹೇಳಿದ. ಇದರಲ್ಲಿ ಹಗಲಿಡೀ ಆಡುವವರು ಮಣಿಕಟ್ಟು ಹಿಡಿದುಕೊಂಡು ಬರುತ್ತಾರೆ, ಉಳಿದ ಒಂದು ಕೈಯನ್ನು ಜೋಪಾನ ಮಾಡಿಕೊಳ್ಳಿ ಎಂದು.

ಅಕ್ಷರಗಳ ಹಂಚಿಕೆಯನ್ನು ಆಕೆಯೇ ಗೊತ್ತುಮಾಡಿದಳು. ಎಡಗೈಯ ಅಕ್ಷರಗಳು ಮೊದಲಿದ್ದಲ್ಲೇ. ಬಲಗೈಯವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದಳು. ಬಲಗೈಯ ತೋರುಬೆರಳು ಒತ್ತುತ್ತಿದ್ದುದನ್ನು ಹೆಬ್ಬೆರಳ ಗುಂಡಿ ಒತ್ತಿ ಹಿಡಿದು ಎಡಗೈಯ ತೋರುಬೆರಳಿನಿಂದಲೇ ಒತ್ತುವುದು. ಹೇಳುವುದು ಸುಲಭ. ಮೊದಲ ಎರಡು ವಾರ ಒಂದು ಪದವೂ ನೆಟ್ಟಗೆ ಬೀಳಲಿಲ್ಲ. ವಿಚಿತ್ರವೆಂದರೆ, ತಪ್ಪು ಮಾಡಿದಾಗಲೆಲ್ಲ ಸತ್ತ ಬಲಗೈಯೊಳಗೆ ಏನೋ ಮಿಡಿದಂತಾಗುತ್ತಿತ್ತು. ಬೆರಳು ಅಲುಗುತ್ತಿರಲಿಲ್ಲ. ತಂಗಿ ಹೊಲಿಗೆ ಯಂತ್ರ ತುಳಿಯುತ್ತಲೇ ಹಳೆಯ ಪತ್ರಿಕೆ ಓದಿ ಹೇಳುವಳು, ಅಕ್ಕ ಟೈಪು ಮಾಡುವಳು. ಒಮ್ಮೆ ಪರದೆಯ ಕಡೆ ಇಣುಕಿ ನೋಡಿದ ತಂಗಿ, "ಅಕ್ಕಾ, ಮಂತ್ರಿಗಳನ್ನ ನೀನು ಮಂಗಗಳನ್ನಾಗಿ ಮಾಡಿದ್ದೀಯ. ಹಾಗೇ ಬಿಡು, ತಿದ್ದಬೇಡ," ಎಂದಳು. ಕಾಯಿಲೆ ಬಿದ್ದ ಮೇಲೆ ಆಕೆ ಬಾಯ್ತುಂಬ ನಕ್ಕದ್ದು ಅಂದೇ.

ನಾಲ್ಕು ತಿಂಗಳಿಗೆ ವರದಿ ಒಂದು ಗಂಟೆಗೆ ಇಳಿಯಿತು. ಬೆಂಚು ಮಧ್ಯಾಹ್ನದ ಹೊತ್ತಿಗೆ ಖಾಲಿಯಾಗತೊಡಗಿತು. ಹೀಗೆ ಬರುಬರುತ್ತ ಆ ಕರಿಯ ಆಮೆ ಇಲ್ಲದ ಮೇಜು ಹೇಗಿತ್ತೆಂಬುದೇ ಯಾರಿಗೂ ನೆನಪಿಲ್ಲದಂತಾಯಿತು. ಸಂಜೆ ಮಣಿಕಟ್ಟು ಊದಿಕೊಂಡಿರುತ್ತಿತ್ತು. ತಂಗಿ ಬಿಸಿನೀರಿನ ಬಟ್ಟೆ ಸುತ್ತುವಳು. ಬೆಳಗ್ಗೆ ತಲೆ ಬಾಚುವುದು, ಗುಂಡಿ ಹಾಕುವುದು ಎಲ್ಲ ತಂಗಿಯೇ, ಆ ಕೈಯನ್ನು ಕಚೇರಿಗೆಂದು ಉಳಿಸಬೇಕಾಗಿತ್ತು.

ಆ ಆಮೆಯಲ್ಲಿದ್ದ ಇನ್ನೊಂದು ಪೀಡೆ ಅದರ ದೀಪ. ಕೀಗಳ ಕೆಳಗೆ ಕೆಂಪು, ಹಸಿರು, ನೀಲಿ ಬೆಳಕು ಅಲೆಯಂತೆ ಹರಿದಾಡುತ್ತಿತ್ತು. ಅದನ್ನು ಆರಿಸಲು ಬೇಕಾದ ಪ್ರೋಗ್ರಾಮನ್ನು ಕಚೇರಿಯ ಕಂಪ್ಯೂಟರಿಗೆ ಹಾಕುವಂತಿರಲಿಲ್ಲ. ಅಂಗಡಿಯಲ್ಲಿ ಹಾಕಿಸಿದ ಅಕ್ಷರಗಳು ಅದರೊಳಗೇ ಉಳಿಯುತ್ತಿದ್ದವು, ದೀಪ ಮಾತ್ರ ಆರಿಸಿ ತಂದರೂ ಇಲ್ಲಿ ಸಿಕ್ಕಿಸಿದ ಕೂಡಲೇ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಸುತ್ತ ಕರಿಯ ಪಟ್ಟಿ ಅಂಟಿಸಿದಳು. ಕೀಗಳ ಸಂದಿಯಿಂದ ಬೆಳಕು ಸೋರುತ್ತಲೇ ಇತ್ತು.

ಎರಡನೆಯ ವರ್ಷದಲ್ಲಿ ಒಂದು ದಿನ ಬೈಕಿನಿಂದ ಬಿದ್ದು ಸತ್ತ ಹತ್ತೊಂಬತ್ತು ವರ್ಷದವನೊಬ್ಬನ ದೇಹ ಬಂತು. ಅವನ ಅಪ್ಪ ಬಸ್ಸಿನ ಡ್ರೈವರು, ಮೈಮೇಲೆ ಇನ್ನೂ ಕೆಲಸದ ಬಟ್ಟೆ. ಬೆಂಚಿನ ಮೇಲೆ ಕೂರಲಾಗದೆ ಅತ್ತಿಂದಿತ್ತ ಅಲೆಯುತ್ತಿದ್ದವನು ಕಿಟಕಿಯ ಬಳಿ ನಿಂತು ಒಳಗೆ ನೋಡಿದ. ಕಿವಿಗೆ ಹೆಡ್‌ಫೋನು ಹಾಕಿಕೊಂಡ ಹೆಂಗಸೊಬ್ಬಳ ಎಡಗೈ ಕೆಳಗೆ ಆಟದ ಕೀಪ್ಯಾಡು ಬಣ್ಣಬಣ್ಣವಾಗಿ ಮಿನುಗುತ್ತಿತ್ತು. ಪರದೆ ಅವನಿಗೆ ಬೆನ್ನು ಮಾಡಿತ್ತು. ಬಲಗೈ ಮೇಜಿನ ಕೆಳಗಿತ್ತು. ಅವನು ಕಿಟಕಿಯಿಂದಲೇ ವಿಡಿಯೋ ತೆಗೆದ. ಮಗನ ಹೆಣ ಒಳಗಿರುವಾಗ ಗುಮಾಸ್ತೆ ಗೇಮ್ ಆಡುತ್ತಿದ್ದಾಳೆಂದು ದೂರು ಬರೆದು, ಎರಡನ್ನೂ ಮೇಲಿನ ಕಚೇರಿಗೆ ಕಳಿಸಿದ. ಎರಡು ದಿನದಲ್ಲಿ ಆ ವಿಡಿಯೋ ಊರಿನವರ ಫೋನುಗಳಲ್ಲೆಲ್ಲ ಓಡಾಡಿತು. ತಂಗಿಯ ಹತ್ತಿರ ಬಟ್ಟೆ ಕೊಡಲು ಬಂದವರೂ ಅದನ್ನು ತೋರಿಸಿ, ಎಂಥ ಕಲ್ಲು ಮನಸ್ಸು ನೋಡಿ ಎಂದರು. ತಂಗಿ ಅಳತೆಯ ಪಟ್ಟಿ ಕೆಳಗಿಟ್ಟು, ಬಟ್ಟೆ ವಾಪಸು ಕೊಟ್ಟು ಕಳಿಸಿದಳು.

ವಿಚಾರಣೆ ಆಸ್ಪತ್ರೆಯ ಸಭಾಕೋಣೆಯಲ್ಲಿ ನಡೆಯಿತು. ಮೇಲಿನಿಂದ ಬಂದ ಅಧಿಕಾರಿ, ಡಾಕ್ಟರು, ಡ್ರೈವರು, ಟೈಪಮ್ಮ. ಡಾಕ್ಟರು ಆಕೆಯ ಪರವಾಗಿ ಮಾತಾಡಿದರು. ಮಾತಿಗಿಂತ ಮಾಡಿ ತೋರಿಸುವುದೇ ಮೇಲೆಂದು ಟೈಪಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟಳು. ಕೀಪ್ಯಾಡನ್ನು ಸಿಕ್ಕಿಸಿ, ಏನಾದರೂ ಓದಿ ಎಂದಳು. ಅಧಿಕಾರಿ ಕೈಗೆ ಸಿಕ್ಕ ದೂರಿನ ಕಾಗದವನ್ನೇ ಓದಿದರು. ತನ್ನ ಮೇಲಿನ ದೂರನ್ನು ಆಕೆ ಒಂದೂ ತಪ್ಪಿಲ್ಲದೆ ಟೈಪು ಮಾಡಿದಳು.

ಡ್ರೈವರು ಅಲುಗದೆ ನೋಡುತ್ತಿದ್ದ. ಆಮೇಲೆ ಹೇಳಿದ: "ನನ್ನ ಮಗನ ಹತ್ರ ಇಂಥದ್ದೇ ಒಂದಿತ್ತಮ್ಮ. ಹಗಲೂ ರಾತ್ರಿ ಅದರ ಮೇಲೇ ಕೈ. ಅವತ್ತು ಬೆಳಗ್ಗೆ ಸಿಟ್ಟಲ್ಲಿ ನಾನೇ ಅದನ್ನ ಗೋಡೆಗೆ ಹೊಡೆದೆ. ಒಂದು ಮಾತೂ ಆಡದೆ ಬೈಕು ತಗೊಂಡು ಹೋದ."

ಟೈಪಮ್ಮನಿಗೆ ಆ ಹುಡುಗನ ವರದಿ ಚೆನ್ನಾಗಿ ನೆನಪಿತ್ತು. ಎಡಗೈಯ ಹೆಬ್ಬೆರಳ ಬುಡದಲ್ಲಿ ಗಟ್ಟಿಯಾದ ಚರ್ಮ ಎಂದು ಡಾಕ್ಟರು ಹೇಳಿದ್ದರು, ಆಕೆ ಅದನ್ನು ಟೈಪು ಮಾಡಿದ್ದಳು. ಅಂಥದ್ದೇ ತನ್ನ ಕೈಯಲ್ಲೂ ಇತ್ತು. ಅದನ್ನು ಆ ಅಪ್ಪನಿಗೆ ಹೇಳಬೇಕೆನ್ನಿಸಿತು, ಹೇಳಲಿಲ್ಲ.

ಡ್ರೈವರು ದೂರನ್ನು ಹಿಂತೆಗೆದುಕೊಳ್ಳುತ್ತೇನೆಂದ. ಕಾಗದ ಮೇಲೆ ಹೋಗಿಯಾಗಿದೆ, ವಿಡಿಯೋ ಊರೆಲ್ಲ ಹರಡಿದೆ, ಇನ್ನು ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ ಎಂದರು ಅಧಿಕಾರಿ. ಹದಿನೈದು ದಿನಕ್ಕೆ ಆದೇಶ ಬಂತು: ಶವಾಗಾರದ ಕಚೇರಿಯಲ್ಲಿ ಸರಬರಾಜಾದ ಕೀಬೋರ್ಡನ್ನು ಮಾತ್ರ ಬಳಸತಕ್ಕದ್ದು. ಒಪ್ಪದಿದ್ದರೆ ನೆಲಮಾಳಿಗೆಯ ದಾಖಲೆ ಕೋಣೆಗೆ ವರ್ಗ.

ಕೀಬೋರ್ಡು ಒಪ್ಪಿಕೋ, ಕೈಗಾದರೂ ವಿಶ್ರಾಂತಿ ಸಿಗುತ್ತದೆ, ನಿಧಾನವಾದರೆ ಅವರ ಕರ್ಮ ಎಂದಳು ತಂಗಿ.

"ಅವ್ರ ಕರ್ಮ ಬೆಂಚಿನ ಮೇಲೆ ಕೂರಲ್ಲ ಕಣೆ. ಕೂರೋರು ಬೇರೆ," ಎಂದಳು ಅಕ್ಕ. ಬಿಟ್ಟರೆ ಯಾರೂ ಬರುವುದಿಲ್ಲವೆಂದು ಒಮ್ಮೆ ತಾನೇ ಹೇಳಿದ್ದರೂ, ಕುರ್ಚಿ ತೆರವು ಮಾಡಿದರೆ ಮಾತ್ರ ಎರಡು ಕೈಯವರನ್ನು ಕಳಿಸಿಯಾರೆಂಬುದು ಈಗ ಆಕೆಗೆ ಗೊತ್ತಾಗಿತ್ತು. ವರ್ಗಕ್ಕೆ ಸಹಿ ಹಾಕಿದಳು. ಹೊಸ ಟೈಪಿಸ್ಟು ಬಂದದ್ದು ಐದು ತಿಂಗಳ ನಂತರ. ಆವರೆಗೆ ಡಾಕ್ಟರು ಕೈಯಲ್ಲೇ ವರದಿ ಬರೆದರು, ಬೆಂಚು ತುಂಬಿಯೇ ಇತ್ತು.

ನೆಲಮಾಳಿಗೆಯಲ್ಲಿ ಕಿಟಕಿ ಇರಲಿಲ್ಲ. ಗೆದ್ದಲು ಮುಟ್ಟಿದ ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಅಲ್ಲಿ ಯಾವ ಕೀ ಒತ್ತುತ್ತೀಯೆಂದು ಕೇಳುವವರಿರಲಿಲ್ಲ. ವಾರಸುದಾರರಿಲ್ಲದೆ ಮಣ್ಣಾದವರ ವಿವರಗಳಿಂದ ಶುರುಮಾಡಿದಳು. ಅಂದಾಜು ವಯಸ್ಸು, ಎತ್ತರ, ಮೈಮೇಲಿನ ಗುರುತು. ಹೆಸರಿನ ಜಾಗ ಖಾಲಿ. ಮಣಿಕಟ್ಟು ಈಗ ಬೆಳಗ್ಗೆಯೇ ನೋಯುತ್ತಿತ್ತು, ಗಂಟೆಗೊಮ್ಮೆ ನಿಲ್ಲಿಸಬೇಕಾಗುತ್ತಿತ್ತು. ಈ ಕೈಯೂ ಹೆಚ್ಚು ಕಾಲ ಬಾರದೆಂದು ಮೂಳೆ ಡಾಕ್ಟರು ಹೇಳಿದ್ದರು. ಹಾಗಿದ್ದೂ ಎರಡು ವರ್ಷದಲ್ಲಿ ಆರು ಸಾವಿರ ಜನರನ್ನು ಏರಿಸಿದಳು.

ಒಂದು ಮಧ್ಯಾಹ್ನ, ಹನ್ನೊಂದು ವರ್ಷದ ಹಿಂದೆ ಮನೆ ಬಿಟ್ಟುಹೋದ ಅಣ್ಣನನ್ನು ಹುಡುಕುತ್ತ ಒಬ್ಬ ಹೆಂಗಸು ಇಳಿದು ಬಂದಳು. ಎಲ್ಲ ಕಚೇರಿಗಳಲ್ಲೂ ಕೇಳಿ ಸೋತವಳು. ಗುರುತೇನು ಎಂದು ಟೈಪಮ್ಮ ಕೇಳಿದಳು. ಬಲಮೊಣಕೈ ಮೇಲೆ ಸುಟ್ಟ ಕಲೆ, ಒಂದು ಪಾದದಲ್ಲಿ ಆರು ಬೆರಳು. ಟೈಪಮ್ಮ ಅಕ್ಷರ ಒತ್ತಿದಳು. ಪರದೆಯ ಮೇಲೆ ಒಂದೇ ಸಾಲು ಬಂತು.

ಆಕೆ ಪರದೆಯನ್ನು ಆ ಹೆಂಗಸಿನ ಕಡೆ ತಿರುಗಿಸಿದಳು. ಹೆಂಗಸು ದಿನಾಂಕವನ್ನು ಎರಡು ಸಲ ಓದಿದಳು. ಮನೆ ಬಿಟ್ಟ ಎಂಟೇ ದಿನಕ್ಕೆ ಅವನು ಸತ್ತಿದ್ದ. ಉಳಿದ ಹನ್ನೊಂದು ವರ್ಷ ಅವಳು ಹುಡುಕಿದ್ದು ಮಣ್ಣಾದವನನ್ನು.

"ಹೆಸರು ಯಾಕಿಲ್ಲ?" ಎಂದು ಕೇಳಿದಳು.

"ಹೇಳೋರು ಇರ್ಲಿಲ್ಲಮ್ಮ. ಈಗ ನೀವು ಹೇಳಿ," ಎಂದಳು ಟೈಪಮ್ಮ.

ಹೆಂಗಸು ಗೋಡೆಗೊರಗಿ ಬಹಳ ಹೊತ್ತು ಅತ್ತಳು. ಟೈಪಮ್ಮ ಕೀಗಳ ಮೇಲೆ ಬೆರಳಿಟ್ಟುಕೊಂಡು ಕಾಯುತ್ತ ಕುಳಿತಳು.