ಹಗ್ಗ ಎಳೆಯುವ ಮರ್ಯಾದೆ

ನಮ್ಮ ಭಾವನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಓದಿದವರು ‘ಪಾಪ, ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಾರಲ್ಲ’ ಎನ್ನುವುದು ಬೇಡ. ಒಳ್ಳೆಯವರೇ. ಅಕ್ಕನನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ದೇವರಾಜ ಮೊಹಲ್ಲಾದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡು, ಬಂದ ರೈತರಿಗೆಲ್ಲ ಕಾಫಿ ಕುಡಿಸಿ ‘ಅಣ್ಣೋರು’ ಎನ್ನಿಸಿಕೊಂಡಿದ್ದಾರೆ. ಆದರೂ ನನಗೆ ಆಗುವುದಿಲ್ಲ. ಈ ವಿಷಯದಲ್ಲಿ ನಮ್ಮ ಮನೆಯವರನ್ನೂ ನಾನು ಕ್ಷಮಿಸಿಲ್ಲ, ಆದರೆ ಅವರ ಜೊತೆ ಸಂಸಾರ ಮಾಡಬೇಕಲ್ಲ, ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದೇನೆ.

ವಿಷಯ ಒಂದು ದೋಣಿಯ ಮೋಟಾರಿನದು.

ಅಪ್ಪ ಹರೆಯದಲ್ಲಿ ನೌಕಾಪಡೆಯಲ್ಲಿದ್ದರು. ಇಲವಾಲದ ಕಡೆಯ ಒಕ್ಕಲು ಮನೆತನ ನಮ್ಮದು. ಅಲ್ಲಿಂದ ಸಮುದ್ರಕ್ಕೆ ಹೋದವರು ಅವರೊಬ್ಬರೇ. ನೌಕಾಪಡೆಯಿಂದ ಬಂದ ಮೇಲೆ ಮೈಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿ, ನಿವೃತ್ತರಾದ ವರ್ಷವೇ ಒಂಟಿಕೊಪ್ಪಲಿನ ಮನೆಯ ಪೋರ್ಟಿಕೋದಲ್ಲಿ ಪ್ಲೈವುಡ್ ಹಲಗೆ ತಂದು ಹರವಿಕೊಂಡು ಕೂತರು. ಬೀದಿಯವರೆಲ್ಲ ಮಂಚ ಮಾಡುತ್ತಿದ್ದಾರೆ ಅಂದುಕೊಂಡರು. ಅದು ಪುಟ್ಟ ಹಾಯಿದೋಣಿಯಾಯಿತು. ಒತ್ತಿ ಕೂತರೆ ನಾಲ್ಕು ಜನ ಹಿಡಿಸುತ್ತಿದ್ದರು, ನಡೆಸುವುದಕ್ಕೆ ಒಬ್ಬರೇ ಸಾಕು. ದೊಡ್ಡಪ್ಪನ ಜಮೀನು ಇಲವಾಲದ ಆಚೆ ಹಿನ್ನೀರಿನ ಅಂಚಿನಲ್ಲಿತ್ತು. ದೋಣಿ ಅಲ್ಲಿನ ದನದ ಕೊಟ್ಟಿಗೆಗೆ ಸೇರಿತು. ಭಾನುವಾರ ಬೆಳಗ್ಗೆ ಅಪ್ಪ ಸ್ಕೂಟರ್ ಹತ್ತಿದರೆಂದರೆ ಮತ್ತೆ ಕಾಣಿಸುತ್ತಿದ್ದುದು ಸಂಜೆಗೇ.

ಅಮ್ಮ ತೀರಿಕೊಂಡ ಮೇಲೆ, ಅವರನ್ನು ಒಂಟಿಯಾಗಿ ಬಿಡಬಾರದೆಂದು ನಾವೆಲ್ಲ ಸೇರಿ ಮುತ್ತಿಗೆ ಹಾಕಿದೆವು. ನಾವು ಅದೇ ಮನೆಯ ಮೇಲಿನ ಭಾಗಕ್ಕೆ ಬಂದೆವು. ಅಕ್ಕನ ಮಕ್ಕಳು ಸ್ಕೂಲು ಮುಗಿಸಿ ಸೀದಾ ಅಲ್ಲಿಗೇ ಬರುತ್ತಿದ್ದವು. ಮನೆಯಲ್ಲಿ ಟೀವಿ ಆರಿದ ಹೊತ್ತೇ ಇರುತ್ತಿರಲಿಲ್ಲ. ಅಪ್ಪ ಯಾರಿಗೂ ಏನೂ ಅನ್ನುತ್ತಿರಲಿಲ್ಲ. ನನ್ನ ಹತ್ತಿರ ಮಾತ್ರ ಒಮ್ಮೆ ಹೇಳಿದ್ದರು: “ನೀರಿನ ಮೇಲೆ ಒಬ್ಬನೇ ಇದ್ರೆ ನಿಮ್ಮಮ್ಮ ಜ್ಞಾಪಕಕ್ಕೆ ಬತ್ತಾಳೆ ಕಣವ್ವ. ಇಲ್ಲಿ ಗಲಾಟೇಲಿ ಮುಖಾನೇ ಮರ್ತೋಯ್ತದೆ.”

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅವರಿಗೆ ಎದೆನೋವು ಬಂತು. ಆಸ್ಪತ್ರೆಯಿಂದ ಬಂದವರು ಮೊದಲು ಕೇಳಿದ್ದೇ ದೋಣಿಯ ವಿಷಯ. ಡಾಕ್ಟರು ಒಪ್ಪಿಕೊಂಡರು, ಆದರೆ ಒಂದು ಷರತ್ತು ಹಾಕಿದರು. ಹುಟ್ಟು ಹಾಕುವ ಹಾಗಿಲ್ಲ, ರಟ್ಟೆಗೆ ಆಯಾಸ ಆಗುವ ಹಾಗಿಲ್ಲ. ಗಾಳಿ ನಿಂತರೆ ದಡಕ್ಕೆ ಬರಲು ಒಂದು ಮೋಟಾರು ಇರಲಿ. ಅಂದರೆ ಸರಿಯಾದ ಮೋಟಾರು ಸಿಕ್ಕಿದರೆ ಅಪ್ಪನಿಗೆ ಅವರ ಭಾನುವಾರ ವಾಪಸ್ ಸಿಗುತ್ತಿತ್ತು. ಸಿಗದಿದ್ದರೆ ಇಲ್ಲ. ಇಷ್ಟು ಸಣ್ಣ ವಿಷಯ. ಇದು ಇಬ್ಬರು ಅಳಿಯಂದಿರ ಕೈಗೆ ಹೋಯಿತು.

ನಮ್ಮ ಮನೆಯಲ್ಲಿ ಅಳಿಯಂದಿರೆಂದರೆ ಏನು ಅಂತ ಹೇಳದೆ ಇದು ಅರ್ಥವಾಗುವುದಿಲ್ಲ. ಅವರು ಬಂದರೆ ಅಪ್ಪ ಕುರ್ಚಿಯಿಂದ ಏಳುತ್ತಿದ್ದರು. ಹಿರಿಯ ಅಳಿಯ ಎಲೆಗೆ ಕೈ ಹಾಕುವವರೆಗೆ ಪಂಕ್ತಿಯಲ್ಲಿ ಯಾರೂ ತುತ್ತೆತ್ತುವಂತಿರಲಿಲ್ಲ. ಅವರೂ ಅಷ್ಟೇ, ಮಾವನ ಕೈಯಿಂದ ಒಂದು ಚೊಂಬು ನೀರೂ ಎತ್ತಿಸುತ್ತಿರಲಿಲ್ಲ. ಭಾವ ಚೀಲ ಹಿಡಿದುಕೊಂಡರೆ ನಮ್ಮ ಮನೆಯವರು ಕೊಡೆ ಹಿಡಿದುಕೊಳ್ಳುತ್ತಿದ್ದರು. ಭಾವ ಕಾರಿನ ಬಾಗಿಲು ತೆಗೆದರೆ ಇವರು ಓಡಿಹೋಗಿ ಇನ್ನೊಂದು ಬಾಗಿಲು ತೆಗೆಯುತ್ತಿದ್ದರು, ಅಪ್ಪ ಒಂದೇ ಬಾಗಿಲಲ್ಲಿ ಹತ್ತುವವರಾದರೂ. ಷಡ್ಡಕರ ಪೈಪೋಟಿ ಅದು. ಪ್ರೀತಿ ಅಂತ ಹೊರಗಿನವರು ಹೊಗಳುತ್ತಿದ್ದರು.

ಭಾವ ತಮ್ಮ ವ್ಯಾಪಾರದ ಪರಿಚಯದಲ್ಲಿ ಮಂಗಳೂರಿನ ಕಡೆಯಿಂದ ಮೂರು ಹಳೆಯ ಮೋಟಾರು ತರಿಸಿದರು. ಎರಡು, ಐದು, ಎಂಟು ಹಾರ್ಸ್ ಪವರಿನವು. ಅಂಗಡಿಯ ಹಿಂದಿನ ಅಂಗಳದಲ್ಲಿ ಕಬ್ಬಿಣದ ಡ್ರಮ್ಮುಗಳಿಗೆ ನೀರು ತುಂಬಿಸಿ, ಅಂಚಿಗೆ ಒಂದೊಂದನ್ನು ಸಿಕ್ಕಿಸಿದ್ದರು. ಪ್ರತಿ ಮೋಟಾರಿನ ತಲೆಯ ಮೇಲೆ ಒಂದು ಹಿಡಿ. ಅದನ್ನು ಎಳೆದರೆ ಹಗ್ಗ ಬರುತ್ತದೆ, ಇಂಜಿನ್ ಶುರುವಾಗುತ್ತದೆ. ಎರಡು ಹಾರ್ಸ್ ಪವರಿನದು ತೀರ ಪುಟ್ಟದು, ಒಂದು ಕೈಯಲ್ಲಿ ಎತ್ತಬಹುದು. ಅಪ್ಪ ಬಂದವರೇ ಸೀದಾ ಅದರ ಹತ್ತಿರ ಹೋಗಿ ಹಿಡಿಯ ಮೇಲೆ ಕೈ ಇಟ್ಟರು. ನಾನು ಪಕ್ಕದಲ್ಲೇ ಇದ್ದೆ.

“ಅಯ್ಯಯ್ಯೋ, ನೀವ್ಯಾಕೆ ಮಾವ, ನಾವಿಲ್ವಾ!” ಎಂದು ಭಾವ ಹಾರಿ ಬಂದರು. ಅಪ್ಪ ಕೈ ತೆಗೆದರು. ಭಾವ ಎಳೆದರು, ಅದು ಸದ್ದು ಮಾಡಿತು. “ಇದು ಮಕ್ಕಳ ಆಟದ್ದು ಬುಡಿ. ಇದನ್ನ ತಗೊಂಡ್ರೆ ಬೀಗರು ನಗ್ತಾರೆ. ನಿಮಗೆ ಎಂಟರದ್ದೇ ಸರಿ. ಬೋರ್‌ವೆಲ್ಲಿಗೂ ಐದಕ್ಕಿಂತ ಕಮ್ಮಿ ಯಾರೂ ಕೇಳಲ್ಲ ಈಗ.”

ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ಯಾವುದೋ ಪತ್ರಿಕೆಯಲ್ಲಿ ಓದಿಕೊಂಡು ಬಂದಿದ್ದರು. “ಅಣ್ಣಾ, ನೀವು ದೊಡ್ಡೋರು, ನಿಮ್ಮ ಮಾತು ಮೀರಲ್ಲ. ಆದ್ರೆ ದೋಣಿ ಚಿಕ್ಕದಲ್ವಾ, ಎರಡರದ್ದೇ ಸಾಕು ಅಂತ ನನ್ನ ಅಭಿಪ್ರಾಯ” ಎಂದರು.

“ನೀವು ಓದಿದೋರು, ನೀವು ಹೇಳಿದ್ ಮೇಲೆ ಆಯ್ತು ಬುಡಿ. ಆದ್ರೆ ಎಂಟರದ್ದನ್ನೂ ಒಂದ್ಸಲ ನೋಡಿ.”

ಹೀಗೆ ಒಬ್ಬರನ್ನೊಬ್ಬರು ಹೊಗಳಿಕೊಂಡು ಜಗಳ ಆಡಿದರು. ಒಂದೊಂದು ಮೋಟಾರನ್ನೂ ಭಾವ ಒಮ್ಮೆ, ಇವರು ಒಮ್ಮೆ ಎಳೆದರು. ಎಂಟರದ್ದು ಎಳೆಯುವಾಗ ಇವರ ಕನ್ನಡಕ ಡ್ರಮ್ಮಿಗೆ ಬಿತ್ತು. ನನಗೆ ತಡೆಯಲಾಗಲಿಲ್ಲ. “ಅದನ್ನ ನಡೆಸೋರು ಅಪ್ಪ. ಅವರೇ ಎಳೆದು ನೋಡ್ಲಿ ಬಿಡಿ” ಎಂದೆ. ಇಬ್ಬರೂ ನನ್ನ ಕಡೆ ತಿರುಗಿದರು. ಆ ಹೊತ್ತಿನಲ್ಲಿ ಅವರಿಬ್ಬರೂ ಒಂದಾದದ್ದನ್ನು ನೋಡಬೇಕಾಗಿತ್ತು. “ಇಬ್ಬರು ಗಂಡಸರು ಎದುರಿಗೆ ನಿಂತಿರುವಾಗ ಹುಷಾರಿಲ್ಲದ ಮಾವನ ಕೈಲಿ ಎಳೆಸೋದಾ? ಜನ ಏನಂತಾರೆ?” ಎಂದು ನಮ್ಮ ಮನೆಯವರು ಕೇಳಿದರು. ಜನ ಅಂದರೆ ಯಾರು? ಅಂಗಳದಲ್ಲಿ ನಾವು ಬಿಟ್ಟರೆ ಒಬ್ಬ ಮೆಕ್ಯಾನಿಕ್ಕು, ಎರಡು ಕೋಳಿ.

ಕಾಫಿಗೆಂದು ನಾವೆಲ್ಲ ಅಂಗಡಿಯ ಒಳಗೆ ಹೋದೆವು. ಅಪ್ಪ ಕೈಕಾಲು ತೊಳೆದು ಬರುತ್ತೇನೆಂದು ಹಿಂದೆ ಉಳಿದರು. ಒಳಗೆ ಕೂತಿದ್ದಾಗ ಅಂಗಳದಲ್ಲಿ ಯಾವುದೋ ಮೋಟಾರು ಸ್ವಲ್ಪ ಹೊತ್ತು ಓಡಿ ನಿಂತಿತು. “ಪೆಟ್ರೋಲು ಸುಮ್ಮನೆ ಬತ್ತದೇನಯ್ಯಾ?” ಎಂದು ಭಾವ ಕೂತಲ್ಲಿಂದಲೇ ಮೆಕ್ಯಾನಿಕ್ಕನಿಗೆ ಗದರಿದರು. ಅಪ್ಪ ಬಂದು ಕಾಫಿ ಲೋಟ ತೆಗೆದುಕೊಂಡರು. ಅಷ್ಟರಲ್ಲಿ ಇತ್ಯರ್ಥವೂ ಆಗಿತ್ತು. ಎಂಟು ತೆಗೆದುಕೊಂಡರೆ ಕಿರಿಯ ಅಳಿಯನಿಗೆ ಬೇಜಾರು, ಎರಡು ತೆಗೆದುಕೊಂಡರೆ ಹಿರಿಯ ಅಳಿಯನಿಗೆ ಅವಮಾನ. ಅದಕ್ಕೆ ಐದು. ಅಪ್ಪನನ್ನು ಕೇಳಿದರು. “ನೀವಿಬ್ರೂ ನೋಡಿದ್ದೀರಲ್ಲ, ಅಂಗೇ ಆಗ್ಲಿ” ಎಂದರು.

ಹಿನ್ನೀರಿನ ದಡದಲ್ಲಿ ಆ ಮೋಟಾರಿಗೆ ಅರಿಶಿನ ಕುಂಕುಮ, ಹೂವಿನ ಹಾರ, ಊದುಬತ್ತಿ ಎಲ್ಲ ಆಯಿತು. ಚಕ್ರವಿಲ್ಲದ್ದಕ್ಕೆ ನಿಂಬೆಹಣ್ಣು ಎಲ್ಲಿ ಇಡುವುದೆಂದು ಇಬ್ಬರೂ ಸುಮಾರು ಹೊತ್ತು ಚರ್ಚಿಸಿದರು. ದೋಣಿಗೆ ಕಟ್ಟಿದ ಕೂಡಲೇ ಹಿಂಭಾಗ ನೀರಿಗೆ ಕುಸಿದು, ಮುಂಭಾಗ ಎದ್ದುಕೊಂಡಿತು. ಅಪ್ಪ ಅದನ್ನು ನೋಡಿದರು. ದೋಣಿ ಹತ್ತಿ, “ನಾನು ಒಂದು ಸುತ್ತು ಹೋಗಿ ಬತ್ತೀನಿ” ಎಂದು ಹಿಡಿ ಹಿಡಿದು ಎಳೆದರು. ಹಗ್ಗ ಅರ್ಧ ಬಂದು ಕೈ ಜಾರಿ ಒಳಗೆ ಹೋಯಿತು. ಇನ್ನೊಮ್ಮೆ ಎಳೆದರು, ಅದೇ ಆಯಿತು. ಹಲಗೆಯ ಮೇಲೆ ಕೂತು ಅಂಗೈ ನೋಡಿಕೊಂಡರು. ಅವರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

“ನೀವ್ಯಾಕೆ ಮಾವ, ನಾವಿಲ್ವಾ!” ಭಾವ ಪ್ಯಾಂಟು ಮಡಿಚಿಕೊಂಡು ನೀರಿಗಿಳಿದರು. ಹಿಂದೆಯೇ ನಮ್ಮ ಮನೆಯವರು.

ಅಲ್ಲಿಂದ ಮುಂದೆ ಅಪ್ಪನ ಭಾನುವಾರಗಳೆಲ್ಲ ಅಳಿಯಂದಿರವಾದವು. ಒಬ್ಬರು ಹಗ್ಗ ಎಳೆಯುವವರು, ಒಬ್ಬರು ಮೋಟಾರು ತಿರುಗಿಸುವವರು. ಒಮ್ಮೊಮ್ಮೆ ಮಕ್ಕಳು, ಪುಳಿಯೋಗರೆ ಡಬ್ಬಿ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಡಿಸಿ ಅಪ್ಪನನ್ನು ಮುಂದಿನ ಹಲಗೆಯ ಮೇಲೆ ಬೀಗರನ್ನು ಕೂರಿಸಿದ ಹಾಗೆ ಕೂರಿಸುತ್ತಿದ್ದರು. ಮೋಟಾರು ಇರುವಾಗ ಹಾಯಿ ಯಾಕೆಂದು ಅದನ್ನು ಸುತ್ತಿ ಕೊಟ್ಟಿಗೆಯಲ್ಲೇ ಬಿಟ್ಟರು. ಅದರಲ್ಲಿ ಇಲಿ ಮರಿ ಹಾಕಿತು.

ನಾನು ಸುಮ್ಮನಿರಲಿಲ್ಲ. ಒಂದು ಹಬ್ಬದ ಊಟದ ದಿನ, ಎಲ್ಲರೂ ಸೇರಿದ್ದಾಗ, ಐದರದ್ದನ್ನು ಕೊಟ್ಟು ಆ ಎರಡರದ್ದನ್ನು ತರಬೇಕೆಂದು ಹಟ ಹಿಡಿದೆ. “ತಂದ ಮೇಲೆ ವಾಪಸ್ ಕೊಡೋದಾ? ಬಜಾರಲ್ಲಿ ನನ್ನ ಮರ್ಯಾದೆ ಏನಾಗಬೇಕು?” ಎಂದು ಭಾವ ನೊಂದುಕೊಂಡರು. ಎರಡೇ ಸಾಕು ಎಂದಿದ್ದ ನಮ್ಮ ಮನೆಯವರು ನನ್ನ ಪರ ಮಾತಾಡುತ್ತಾರೆಂದು ನೋಡಿದೆ. ಅವರು ಉಪ್ಪಿನಕಾಯಿ ಬಡಿಸಿಕೊಳ್ಳುತ್ತಿದ್ದರು. ಕೊನೆಗೆ ಭಾವ, “ಮಾವನ್ನೇ ಕೇಳ್ಬುಡಣ. ಮಾವ, ಮೋಟಾರು ಹೆಂಗಿದೆ?” ಎಂದರು.

“ಚೆನ್ನಾಗೇ ಐತಲ್ಲ. ಯಾಕವ್ವ ನಿನಗೆ ಇಲ್ಲದ ಉಸಾಬರಿ” ಎಂದರು ಅಪ್ಪ.

ಆವತ್ತು ನನಗೆ ಅಪ್ಪನ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿರಲಿಲ್ಲ. ಎರಡು ವಾರ ಅವರಿಗೆ ಊಟ ಬಡಿಸಿದೆ, ಮಾತಾಡಲಿಲ್ಲ. ಆಮೇಲೆ ಅವರೇ ಒಂದು ಭಾನುವಾರ ಮಂಡಿ ನೋವು ಎಂದರು. ಮುಂದಿನ ಭಾನುವಾರವೂ ಮಂಡಿ ನೋವೇ. ಅಳಿಯಂದಿರು ಒಬ್ಬರು ಎಣ್ಣೆ ತಂದರು, ಒಬ್ಬರು ಮುಲಾಮು ತಂದರು. ಅಪ್ಪ ಮತ್ತೆ ಹಿನ್ನೀರಿಗೆ ಹೋಗಲಿಲ್ಲ.

ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ ಅವರ ಕಾಲಿಗೆ ಆ ಮುಲಾಮು ಹಚ್ಚುತ್ತಾ, “ಮಂಡಿ ನೋವಿಲ್ಲ ಅಂತ ನನಗೆ ಗೊತ್ತು” ಎಂದೆ. ನಕ್ಕರು.

“ಆ ಚಿಕ್ಕದು ನನ್ನ ಕೈಗೆ ಬತ್ತಿತ್ತು ಕಣವ್ವ” ಎಂದರು.

“ನಿಮಗೆ ಹೆಂಗೆ ಗೊತ್ತು? ಎಳೆಯೋಕೆ ಬಿಡಲಿಲ್ವಲ್ಲ ಅವರು.”

“ನೀವೆಲ್ಲ ಒಳಗೆ ಕಾಫಿ ಕುಡೀತಿದ್ರಲ್ಲ, ಆಗ ಎಳ್ದೆ. ಒಂದೇ ಸಲಕ್ಕೆ ಹತ್ಕೊಂಡ್ತು. ನಿಮ್ಮ ಭಾವ ಒಳಗಿಂದ ಬೈದ್ರು ನೋಡು, ಆರಿಸ್ಬುಟ್ಟೆ.”

“ಹೇಳೋದಲ್ವಾ ಅಪ್ಪ!”

“ಅಷ್ಟು ದೂರದಿಂದ ತರಿಸವ್ರೆ. ಅಳೀಮಯ್ಯನ ಮುಂದೆ ನಿಂದು ಸರಿ ಇಲ್ಲ ಅಂತ ಹೆಂಗವ್ವ ಅನ್ನೋದು?”

ಮುಲಾಮಿನ ಡಬ್ಬಿಯನ್ನು ಗೋಡೆಗೆ ಎಸೆಯೋಣ ಅನ್ನಿಸಿತು. ಎಸೆಯಲಿಲ್ಲ. ಇನ್ನೊಂದು ಕಾಲಿಗೂ ಹಚ್ಚಿದೆ.

ಹನ್ನೊಂದನೇ ದಿನದ ತಿಥಿ ಊಟಕ್ಕೆ ಬೀದಿಯವರು, ಇಲವಾಲದ ನೆಂಟರು ಎಲ್ಲ ಬಂದಿದ್ದರು. ನಾನು ಪಾಯಸ ಬಡಿಸುತ್ತಿದ್ದೆ. ಪಂಕ್ತಿಯ ಮೊದಲ ಎಲೆಯಲ್ಲಿ ಕೂತ ಭಾವ ಕಣ್ಣೊರೆಸಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು. ಸುಳ್ಳು ಅಳುವಲ್ಲ ಅದು, ನಿಜವಾಗಿಯೂ ಅಳುತ್ತಿದ್ದರು, ಅದೇ ನನಗೆ ತಡೆಯಲಾಗದ್ದು.

“ನಮ್ಮ ಮಾವನಿಗೆ ನಾವು ಏನೂ ಕಮ್ಮಿ ಮಾಡ್ಲಿಲ್ಲ ಕಣ್ರೀ. ಆ ಮೋಟಾರಿನ ಹಗ್ಗ ಇದೆಯಲ್ಲ, ಅದನ್ನ ಒಂದು ದಿನಾನೂ, ಒಂದೇ ಒಂದು ದಿನಾನೂ ಅವರ ಕೈಲಿ ಎಳೆಯೋಕೆ ಬಿಡ್ಲಿಲ್ಲ.”

ಕೂತವರೆಲ್ಲ ತಲೆದೂಗಿದರು. ಇಂಥ ಅಳಿಯಂದಿರನ್ನು ಪಡೆಯಬೇಕು ಎಂದು ಯಾರೋ ಅಂದರು.

“ಎಳೆದಿದ್ರು ಭಾವ” ಎಂದೆ. “ಚಿಕ್ಕದನ್ನ. ನಿಮ್ಮ ಅಂಗಡಿಯ ಹಿಂದೆ, ನಾವೆಲ್ಲ ಒಳಗೆ ಕಾಫಿ ಕುಡಿಯುವಾಗ. ಒಂದೇ ಸಲಕ್ಕೆ ಹತ್ಕೊಂಡಿತ್ತಂತೆ. ಪೆಟ್ರೋಲಿಗೆ ನೀವು ಬೈದಿದ್ದು ಅವರಿಗೇ.”

ಭಾವ ಎಲೆಯಿಂದ ಕೈ ತೆಗೆದರು. ಪಕ್ಕದ ಎಲೆಯಲ್ಲಿ ನಮ್ಮ ಮನೆಯವರು ತಲೆ ತಗ್ಗಿಸಿದರು. ನಾನು ಇಬ್ಬರಿಗೂ ಪಾಯಸ ಬಡಿಸಿ ಮುಂದಿನ ಎಲೆಗೆ ಹೋದೆ.