ಹತ್ತು ಬಳೆ ತೊಟ್ಟು ವಿರಾಜಪೇಟೆಗೆ

ಗೌರಿಹಬ್ಬದ ಹಿಂದಿನ ದಿನ ಬೆಳಿಗ್ಗೆ ಆರು ಗಂಟೆಗೆ ನಾವು ಮೂವರು ಕುಶಾಲನಗರದ ಛತ್ರ ಬಿಟ್ಟೆವು. ಶನಿವಾರಸಂತೆಯಿಂದ ಸೈಕಲ್ ಹತ್ತಿ ಅದು ಎರಡನೆಯ ದಿನ. ಮೈಲಿಗಲ್ಲಿನ ಮೇಲೆ ಈ ಊರು ಫ್ರೇಜರ್‌ಪೇಟೆ. ಬಾಯಲ್ಲಿ ಯಾರೂ ಹಾಗನ್ನುವುದಿಲ್ಲ. ವಿರಾಜಪೇಟೆಗೆ ಇನ್ನೂ ಮೂವತ್ತು ಮೈಲಿ ಎಂದು ನನ್ನ ಲೆಕ್ಕ. ಜಡಿಮಳೆ.

ಹೊರಟಿದ್ದು ನೆರೆಮನೆಯ ರುದ್ರಪ್ಪಣ್ಣನಿಗಾಗಿ. ಅವನ ತಂಗಿ ಪಾರ್ವತಕ್ಕನನ್ನು ವಿರಾಜಪೇಟೆಗೆ ಕೊಟ್ಟಿತ್ತು. ಪ್ರತಿ ಗೌರಿಹಬ್ಬಕ್ಕೂ ಅವರಪ್ಪ ತವರಿನ ಬಾಗಿನ ಹೊತ್ತು ಹೋಗುತ್ತಿದ್ದರು. ಅವರು ತೀರಿಕೊಂಡ ವರ್ಷ ಹಬ್ಬವಿರಲಿಲ್ಲ. ಈ ವರ್ಷ ಅಣ್ಣ ಹೋಗದಿದ್ದರೆ ಅಪ್ಪನ ಜೊತೆಗೇ ತವರೂ ಹೋಯಿತೆಂದು ಅವಳು ತಿಳಿಯುತ್ತಾಳೆ ಎಂಬುದೇ ಅವನ ಚಿಂತೆ. ಮಳೆಗೆ ಮೋಟಾರು ಬಸ್ಸು ನಿಂತಿತ್ತು. ನಾನೂ ನನ್ನ ಸಹಪಾಠಿ ಬೋಪಯ್ಯನೂ ಜೊತೆಗೆ ಹೊರಟೆವು.

ಬಾಗಿನ ರುದ್ರಪ್ಪಣ್ಣನ ಕ್ಯಾರಿಯರಿನ ಮೇಲಿತ್ತು. ಎರಡು ಮೊರಗಳನ್ನು ಮುಖಾಮುಖಿ ಕಟ್ಟಿ, ಒಳಗೆ ಅಕ್ಕಿ, ಬೆಲ್ಲ, ರವಿಕೆಕಣ, ಮತ್ತು ಒಂದು ಕಂತೆ ಒಣಹುಲ್ಲಿನಲ್ಲಿ ಸುತ್ತಿದ ಒಂದು ಡಜನ್ ಹಸಿರು ಗಾಜಿನ ಬಳೆ.

ನಂಜರಾಯಪಟ್ಟಣ ದಾಟಿ ಕಾಡು ಶುರುವಾದ ಮೇಲೆ ಕಲ್ಲೊಂದಕ್ಕೆ ಬಡಿದು ಅವನ ಹಿಂದಿನ ಟ್ಯೂಬು ಒಡೆಯಿತು. ಸೈಕಲ್ ಮಗುಚಿತು. ಮೊರ ಬಿಚ್ಚಿ ನೋಡಿದರೆ ಎರಡು ಬಳೆ ಚೂರಾಗಿದ್ದವು. ರುದ್ರಪ್ಪಣ್ಣ ಚೂರುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿಟ್ಟುಕೊಂಡ.

ಒದ್ದೆ ಟ್ಯೂಬಿಗೆ ಎಷ್ಟು ಸಲ ತೇಪೆ ಹಾಕಿದರೂ ಎದ್ದುಬಂತು. ಟಯರಿನೊಳಗೆ ಹುಲ್ಲು ತುರುಕಿ ಓಡಿಸುವುದೊಂದೇ ದಾರಿ. ಹಸಿ ಹುಲ್ಲು ಜಾರುತ್ತದೆ. ಒಣಹುಲ್ಲು ಇದ್ದದ್ದು ಬಳೆಗಳ ಸುತ್ತ ಮಾತ್ರ.

"ಹುಲ್ಲು ತೆಗೆದ್ರೆ ಬಳೆ ಉಳಿಯಲ್ಲ. ತೆಗೀದಿದ್ರೆ ನಾವು ಮುಟ್ಟಲ್ಲ" ಎಂದ ರುದ್ರಪ್ಪಣ್ಣ.

ಬೋಪಯ್ಯ ನನ್ನ ಮಣಿಕಟ್ಟು ಹಿಡಿದು ಎತ್ತಿದ. "ಬಳೆ ಇಡೋ ಜಾಗ ಯಾವ್ದು ಮಾರಾಯ? ಕೈ ತಾನೆ? ಇವನದ್ದು ನೋಡು, ಹುರುಳಿಕಾಯಿ ಇದ್ದ ಹಾಗಿದೆ."

ನಾನು ಬೇಡವೆಂದೆ. ಕೈಲಾಗದವನನ್ನು ಬಳೆ ತೊಟ್ಟುಕೋ ಎಂದು ಬೈಯುವ ಊರಿನವನು ನಾನು. ಆದರೆ ರುದ್ರಪ್ಪಣ್ಣ ನನ್ನ ಕಡೆ ನೋಡಿದ. ನಾನು ಎರಡೂ ಕೈ ಚಾಚಿದೆ. ಮಳೆನೀರಿನಲ್ಲಿ ಜಾರಿಸಿ ಒಂದೊಂದು ಕೈಗೆ ಐದೈದು ತೊಡಿಸಿದರು. ಹುಲ್ಲು ಟಯರಿನೊಳಗೆ ಹೋಯಿತು.

"ಬಿದ್ರೆ ಕೈ ಮೇಲೆತ್ಕೊಂಡು ಬೀಳ್ಲಾ" ಎಂದ ರುದ್ರಪ್ಪಣ್ಣ.

ಎರಡು ಮೈಲಿಯೊಳಗೆ ಬಿದ್ದೆ. ಕೈ ಮೇಲೆತ್ತಿಕೊಂಡೇ ಬಿದ್ದೆ, ಗದ್ದ ಒಡೆಯಿತು. "ಬಳೆ?" ಎಂದು ರುದ್ರಪ್ಪಣ್ಣ ಓಡಿಬಂದ. ಹತ್ತನ್ನೂ ಎಣಿಸಿದ ಮೇಲೆ, ನಾಚಿಕೊಂಡು, ತನ್ನ ಟವೆಲಿನ ತುದಿಯಿಂದ ನನ್ನ ಗದ್ದ ಒರೆಸಿದ.

ಸಿದ್ದಾಪುರದಲ್ಲಿ ಹೊಳೆ ದಾಟಿ ಚಹಾ ಕುಡಿಯಲು ನಿಂತಾಗ ಮೂರು ಗಂಟೆ. ಜೊತೆಗೆ ಅಕ್ಕಿಹಿಟ್ಟಿನ ಪುಟ್ಟು, ಕಡಲೆ. ಕಳೆ ಕೀಳುವ ಕೆಲಸ ಮುಗಿಸಿ ಲೈನುಮನೆಗಳಿಗೆ ಹೋಗುತ್ತಿದ್ದ ಎಸ್ಟೇಟಿನ ಹೆಂಗಸರು ನನ್ನ ಕೈ ನೋಡಿ ನಿಂತರು.

"ಏನ್ ಸಾಮಿ, ಮದ್ವೆ ಹೆಣ್ಣಾ?" ಎಂದಳು ಒಬ್ಬಳು.

"ಹೂಂ ಅಕ್ಕ, ಗಂಡನ ಮನೆಗೆ ಬಿಡೋಕೆ ಹೋಗ್ತಾ ಇದ್ದೀವಿ. ಸ್ವಲ್ಪ ಹಟಮಾರಿ" ಎಂದ ಬೋಪಯ್ಯ.

ಅವರ ನಗು ತಿರುವಿನವರೆಗೂ ಕೇಳಿಸಿತು. ಆದರೆ ಅವರಲ್ಲೊಬ್ಬ ಮುದುಕಿ, ಬಾಗಿನದ ಬಳೆಯೆಂದು ತಿಳಿದ ಮೇಲೆ, ತನ್ನ ತಲೆಯ ಗೋಣಿಕೊಪ್ಪೆಯ ಮೂಲೆ ಹರಿದು ನನ್ನ ಎರಡೂ ಮಣಿಕಟ್ಟಿಗೆ ಸುತ್ತಿ ಕಟ್ಟಿದಳು. ಆಮೇಲೆ ಬಳೆಗಳು ಒಂದಕ್ಕೊಂದು ತಾಕಲಿಲ್ಲ.

ಉಳಿದ ಹತ್ತು ಮೈಲಿಯಲ್ಲಿ ಅರ್ಧ ತಳ್ಳಿಕೊಂಡೇ ನಡೆದೆವು. ವಿರಾಜಪೇಟೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬಾಗಿಲಿಗೆ ಬಂದ ಪಾರ್ವತಕ್ಕ ಅಣ್ಣನನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಳಗೆ ಗೋಡೆಗೆ ಎರಡು ಹೊಸ ಮೊರ ಒರಗಿಸಿತ್ತು. ತವರಿನದು ಬರಲಿಕ್ಕಿಲ್ಲವೆಂದು ತಾನೇ ಸಂತೆಯಲ್ಲಿ ಕೊಂಡುತಂದಿದ್ದಳು. ರುದ್ರಪ್ಪಣ್ಣನ ಕಣ್ಣು ಅಲ್ಲಿಗೆ ಹೋದದ್ದನ್ನು ಕಂಡು, ಅವಳು ಅವನ್ನು ಮೆಲ್ಲನೆ ಕದದ ಹಿಂದಕ್ಕೆ ಸರಿಸಿದಳು.

ಹ್ಯಾಂಡಲ್ ಹಿಡಿದು ಹಿಡಿದು ನನ್ನ ಕೈ ಊದಿತ್ತು. ಅವಳು ಕೊಬ್ಬರಿ ಎಣ್ಣೆ ಸವರಿ, ಹೆಬ್ಬೆರಳನ್ನು ಅಂಗೈಗೆ ಮಡಚಿ, ಒಂದೊಂದೇ ಬಳೆ ತೆಗೆದಳು. "ನೋಯ್ತಾ ತಮ್ಮಾ?" ಎಂದು ಪ್ರತಿ ಬಳೆಗೂ ಕೇಳಿದಳು. ನಾನು ಪ್ರತಿ ಬಳೆಗೂ ಇಲ್ಲವೆಂದೆ.

"ಹನ್ನೆರಡು ತಂದಿದ್ದೆ. ಎರಡು ಒಡೆದ್ವು ಪಾರ್ವತಿ" ಎಂದ ರುದ್ರಪ್ಪಣ್ಣ, ತಲೆ ತಗ್ಗಿಸಿ.

"ಬಳೆಗೆ ಒಡೀತು ಅನ್ನಬಾರ್ದು ಕಣಣ್ಣ. ಹೆಚ್ಚಿದ್ವು ಅನ್ನಬೇಕು. ಅಪ್ಪ ತಂದಾಗ್ಲೂ ದಾರೀಲಿ ಒಂದೆರಡು ಹೆಚ್ಚಿರ್ತಿದ್ವು." ಅಷ್ಟು ಹೇಳಿ ಒಳಗೆ ಹೋದಳು.

ಬೆಳಿಗ್ಗೆ ಆ ಬಳೆಗಳನ್ನೇ ತೊಟ್ಟು ಪೂಜೆ ಮಾಡಿದಳು. ನನಗೆ ಕಡುಬು ಎರಡು ಹೆಚ್ಚು ಬಡಿಸಿದಳು.

ಮಾರನೆಯ ದಿನ ಹೊಸ ಟ್ಯೂಬು ಹಾಕಿಸಿ ಹೊರಟೆವು. ಮಳೆ ಹಿಂಗಿತ್ತು. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಅವಳು ಕೈ ಎತ್ತಿ ಬೀಸುತ್ತಿದ್ದಳು. ಹಸಿರು ಅಷ್ಟು ದೂರಕ್ಕೂ ಕಂಡಿತು. ಊರು ದಾಟಿ ಮೂರನೆಯ ಮೈಲಿಯಲ್ಲಿ ಠಪ್ ಎಂದು ಸದ್ದಾಯಿತು. ರುದ್ರಪ್ಪಣ್ಣನ ಚಕ್ರವೇ.

"ಒಡೀತು ಅನ್ಬೇಡ. ಟ್ಯೂಬು ಹೆಚ್ಚಿತು ಅನ್ನು" ಎಂದ ಬೋಪಯ್ಯ.

ಶನಿವಾರಸಂತೆ ಬಿಟ್ಟ ಮೇಲೆ ರುದ್ರಪ್ಪಣ್ಣ ನಕ್ಕಿದ್ದು ಅಲ್ಲೇ ಮೊದಲು. ರಸ್ತೆ ಬದಿಯಲ್ಲಿ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.