ಬೆನ್ನು ನೋಡೀನ್ರಿ ಅಂದ ದನಿ

ದೆವ್ವ, ಗಾಳಿ ಅಂತ ಯಾರಾದ್ರೂ ಅಂದ್ರ ನಾನು ಅವರ ಎದುರಿಗೇ ನಕ್ಕುಬಿಡತಿದ್ದೆ. ನರ್ಸ್ ಆದಾಕಿ, ದಿನಾ ಹೆಣ ನೋಡಾಕಿ, ನನಗೇನು ಅಂಜಿಕಿ? ಈಗ ಹೇಳೋದನ್ನ ನೀವು ನಂಬಲೇಬೇಕು ಅಂತ ನಾ ಅನ್ನೂದಿಲ್ಲ. ನನಗೇ ನನ್ನ ಮ್ಯಾಲೆ ಪೂರಾ ನಂಬಿಕಿ ಇಲ್ಲ.

ಎಂಬತ್ತೆರಡೋ ಮೂರೋ ಇಸವಿ ಇರಬೇಕು. ರಾಯಚೂರಿನ ಒಂದು ಆಸ್ಪತ್ರಿಯೊಳಗ ಕೆಲಸಕ್ಕಿದ್ದೆ. ಅಪಘಾತದ ಕೇಸು ಬಂತಂದ್ರ ಗದ್ದಲೋ ಗದ್ದಲ. ಡಾಕ್ಟ್ರು ಏನರ ಹೇಳಿದ್ರ ಎಲ್ಲಾರೂ "ಹೂಂ ರೀ" ಅನ್ನೋರು, ಇನ್ನೊಬ್ಬರು ಮಾಡ್ತಾರಂತ ಎಲ್ಲಾರೂ ಸುಮ್ನಿರೋರು. ಹೊಸದಾಗಿ ಬಂದ ಡಾಕ್ಟ್ರು ಇದಕ್ಕ ಬೇಸತ್ತು ಒಂದು ಕಾಯ್ದೆ ಮಾಡಿದ್ರು. ಕೆಲಸ ಮುಗಿಸಿದವರು ಬಾಯಿಬಿಟ್ಟು ಹೇಳಬೇಕು. ಅದು ಕಿವಿಗೆ ಬಿದ್ದ ಮ್ಯಾಲೇ ಅವರು ಮುಂದಿನದಕ್ಕ ಕೈ ಹಾಕತಿದ್ರು. ಕಾಯ್ದೆ ಚಲೋನೇ ಇತ್ತು.

ಒಂದು ಮಧ್ಯಾಹ್ನ ಮಾನ್ವಿ ರಸ್ತಾದಾಗ ಟ್ರ್ಯಾಕ್ಟರ್ ಪಲ್ಟಿ ಆಗಿ, ದೇವದುರ್ಗದ ಕಡಿ ಕೂಲಿಯವ ಒಬ್ಬನ್ನ ತಂದ್ರು. ಅವನ ಹೆಂಡತಿ ಬಾಗಲದ ಹೊರಗ ಕುಂತಳು. ಒಳಗ ನಾವು ಮೂರೇ ಮಂದಿ. ಡಾಕ್ಟ್ರು ತಲಿ ಕಡಿ ನಿಂತು ಉಸಿರು ನೋಡಾಕತ್ತಿದ್ರು. ಡ್ರೆಸ್ಸರ್ ಹುಸೇನಪ್ಪ ಮುರದ ಕಾಲು ಹಿಡಿದಿದ್ದ. ನಾನು ಬ್ಯಾಂಡೇಜಿನ ತುದಿ ಹಲ್ಲಾಗ ಕಚಗೊಂಡು ಕಟ್ಟಾಕತ್ತಿದ್ದೆ.

"ಬೆನ್ನು ನೋಡಿದ್ರೇನು?" ಅಂದ್ರು ಡಾಕ್ಟ್ರು, ತಲಿ ಎತ್ತದನ. ಹೆಸರು ಹಿಡಿದು ಯಾರನ್ನೂ ಕೇಳಲಿಲ್ಲ.

"ನೋಡೀನ್ರಿ ಡಾಕ್ಟ್ರೇ, ಏನಿಲ್ಲ."

ಹೆಣ್ಣು ದನಿ. ಆ ಖೋಲ್ಯಾಗ ಹೆಣ್ಣಂದ್ರ ನಾನೊಬ್ಬಾಕೀನೇ. ನನ್ನ ಬಾಯಾಗ ಬ್ಯಾಂಡೇಜು! ಅಂದವರು ಯಾರಂತ ಗಂಟು ಮುಗಿಸಿ ಕೇಳೂಣು ಅಂದ್ಕೊಂಡೆ. ಅಷ್ಟರಾಗ ಡಾಕ್ಟ್ರು ಸಲೈನ್ ತಾ ಅಂದ್ರು, ಓಡಿದೆ.

ಸ್ವಲ್ಪ ಹೊತ್ತಿಗೆ ಹಾಸಿಗಿ ತೊಯ್ದು ರಕ್ತ ನೆಲಕ್ಕ ಇಳೀತು. ಹೊರಳಿಸಿ ನೋಡಿದ್ರ ಬೆನ್ನಾಗ ಅಂಗೈಯಷ್ಟು ಗಾಯ. ತಡ ಆಗಿತ್ತು. ಎಷ್ಟು ಬಡದಾಡಿದ್ರೂ ಅವ ಉಳೀಲಿಲ್ಲ.

"ಸಿಸ್ಟರ್, ನೋಡೀನಿ ಅಂದ್ರಲ್ಲಾ!" ಅಂತ ಡಾಕ್ಟ್ರು ಚೀರಿದ್ರು. ನಾ ಅಂದಿಲ್ಲ ಅಂದೆ. ನನಗ ಹುಸೇನಪ್ಪನ ಮ್ಯಾಲೆ ಗುಮಾನಿ. ನನ್ನ ದನಿ ತಗದು ಅಣಕಿಸಿ ವಾರ್ಡನ್ನ ನಗಸೋ ಚಾಳಿ ಇತ್ತು ಆ ಭಾಡ್ಯಾಗ. ಆದ್ರ ಆ ಹೊತ್ತಿನಾಗ ನಾ ಅವನ ಮಾರೀನೇ ನೋಡಾಕತ್ತಿದ್ದೆ, ತುಟಿ ಅಲುಗಿರಲಿಲ್ಲ. ಅವನೇ ಅಂದ, "ಅಕ್ಕಾವ್ರ ಬಾಯಾಗ ಬ್ಯಾಂಡೇಜ್ ಇತ್ತು, ಖರೇ ಅದ. ದನಿ ಅಕ್ಕಾವ್ರದೇ, ಅದೂ ಖರೇ ಅದ."

ಡಾಕ್ಟ್ರು ತಮ್ಮ ತಪ್ಪು ಮುಚ್ಚಾಕ ನನ್ನ ಮ್ಯಾಲೆ ಹಾಕಿದ್ರೇನೋ, ಇಬ್ಬರೂ ಕೂಡಿ ಮಾತಾಡಿಕೊಂಡಾರೇನೋ ಅಂತ ಎಷ್ಟೋ ದಿನ ತಲಿ ಕೆಡಿಸಿಕೊಂಡೆ. ಅವರೂ ನನ್ನನ್ನ ಹಂಗೇ ನೋಡತಿದ್ರು. ಆದ್ರ ನಿಮ್ಮ ಮುಂದ ಮುಚ್ಚೋದೇನದ? ಆ ದನಿ ನಂದೇ ಇತ್ತು. ನನ್ನ ಕಿವಿಗೂ ಹಂಗೇ ಕೇಳಿಸಿತ್ತು. ಎಲ್ಲಿಂದ ಬಂತು ಅನ್ನೋದು ಇವತ್ತಿಗೂ ತಿಳೀವಲ್ದು.

ಅವತ್ತು ಸಂಜಿ ಹೆಣ ಒಯ್ಯೂ ಮುಂದ ಅವನ ಹೆಂಡತಿ ನನ್ನ ಎರಡೂ ಕೈ ಹಿಡಕೊಂಡಳು. "ಏನಿಲ್ಲ ಅಂದ್ರಲ್ರೀ ಯವ್ವಾ, ನಿಮ್ಮ ದನಿ ಹೊರಗ ಕೇಳಿಸ್ತು. ಅದೊಂದು ಘಳಿಗಿ ನನಗ ಧೈರ್ಯ ಬಂದಿತ್ತು" ಅಂದ್ಲು.

ಅದು ನಾನಲ್ಲವ್ವಾ ಅಂತ ನಾ ಆಕಿಗೆ ಹೇಳಲಿಲ್ಲ.